ಬೆರಗಿನ ನಡಿಗೆಯೋ, ಉಸಿರಿನ ಧ್ಯಾನವೋ?

ಮನಸ್ಸಿಗೆ ಅಂತ ಕಾಲು ಗಂಟೆ ಎತ್ತಿಟ್ಟಿದ್ದೀರಿ. ಕಣ್ಣು ಮುಚ್ಚಿ ಕೂರುವುದಾ, ಎದ್ದು ನಡೆಯುವುದಾ?

ಉಸಿರು ಗಮನಿಸಲು ಒಂದು ಚಾಪೆ ಸಾಕು. ಮಳೆ ಬಂದರೂ ತಪ್ಪುವುದಿಲ್ಲ. ಆದರೆ ಶುರುವಿನಲ್ಲಿ ಬೇಜಾರು. ನನಗಂತೂ ಮೂರನೇ ಉಸಿರಿಗೇ ಒಲೆ ಮೇಲಿನ ಹಾಲು ನೆನಪಾಗುತ್ತಿತ್ತು.

ಬೆರಗಿನ ನಡಿಗೆ ಅಂದರೆ ಸುತ್ತಲಿನದನ್ನು ಬೆರಗಿನಿಂದ ನೋಡುತ್ತಾ ನಡೆಯುವುದು. ಫೋನ್ ಜೇಬಿನೊಳಗೆ, ಕಣ್ಣು ಹೊರಗೆ. ಲಾಲ್‌ಬಾಗ್ ಬಂಡೆ ಹತ್ತಿ ನೋಡಿ. ಕಾಲ ಕೆಳಗಿನ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ! ಬಗ್ಗಿ ನೋಡಿದರೆ ಬೂದು, ಬಿಳಿ ಪಟ್ಟೆಗಳು ಕಾಣುತ್ತವೆ. ಆಫೀಸಿನ ಜಗಳ ಅಲ್ಲಿ ತಾನಾಗಿಯೇ ಸಣ್ಣದಾಗುತ್ತದೆ. 2020ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋದ ಅಧ್ಯಯನವೊಂದರಲ್ಲಿ ಹಿರಿಯರು 8 ವಾರ, ವಾರಕ್ಕೆ 15 ನಿಮಿಷ ಹೀಗೆ ನಡೆದರು. ಸುಮ್ನೆ ನಡೆದವರಿಗಿಂತ ಇವರು ನಡೆಯುವಾಗ ತೆಗೆದುಕೊಂಡ ಸೆಲ್ಫಿಗಳಲ್ಲಿ ನಗು ಜಾಸ್ತಿಯಾಯಿತು. ತಮಾಷೆ ಎಂದರೆ, ಚಿತ್ರದಲ್ಲಿ ತಮಗೆ ಕೊಟ್ಟುಕೊಂಡ ಜಾಗ ಮಾತ್ರ ಕಮ್ಮಿಯಾಗುತ್ತಾ ಹೋಯಿತು.

ಒಂದು ತೊಂದರೆ ಇದೆ. ದಿನಾ ಅದೇ ರಸ್ತೆಯಾದರೆ ಬೆರಗು ಹಳಸುತ್ತದೆ, ದಾರಿ ಬದಲಿಸುತ್ತಿರಬೇಕು. ಉಸಿರಿಗೆ ಆ ರಗಳೆ ಇಲ್ಲ.

ಕೂತಲ್ಲಿ ಕೂರಲಾಗದವರು ನಡಿಗೆಯಿಂದಲೇ ಶುರು ಮಾಡಿ ಎನ್ನುತ್ತೇನೆ. ಮೊಣಕಾಲು ನೋವಿದ್ದರೆ ಚಾಪೆಯೋ ಕುರ್ಚಿಯೋ ಸರಿ. ಸಂಜೆ ಟೆರೇಸಿನಲ್ಲಿ ಕೂತು ಮೋಡ ನೋಡಿದರೂ ನಡೆಯುತ್ತದೆ, ಅಲ್ವಾ?