30 ಮೀಟರ್ ಕೇಬಲ್ ಮುಂದೆ ಸೋತ ವೈಫೈ ರಿಪೀಟರ್

ಮೊದಲೇ ಹೇಳಿಬಿಡುತ್ತೇನೆ, ವೈಫೈಯೋ ಕೇಬಲ್ಲೋ ಅಂದರೆ ನನ್ನ ಓಟು ಕೇಬಲ್ಲಿಗೆ. ವೈಫೈ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್‌ಗೆ 1,800 ರೂಪಾಯಿ ಸುರಿದು ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ನಮ್ಮದು ಪುತ್ತೂರಿನ ಹತ್ತಿರ ಕೆಂಪು ಕಲ್ಲಿನ ಹಳೇ ಮನೆ. ರೂಟರ್ ಚಾವಡಿಯಲ್ಲಿ, ನಾನು ಕೆಲಸಕ್ಕೆ ಕೂರುವುದು ಹಿಂದಿನ ಕೋಣೆಯಲ್ಲಿ, ನಡುವೆ ಮೂರು ದಪ್ಪ ಗೋಡೆ. 5 ಗಿಗಾಹರ್ಟ್ಸ್ ವೈಫೈ ಎರಡನೇ ಗೋಡೆಗೇ ಸುಸ್ತು. 2.4 ಹೇಗೋ ತೆವಳಿಕೊಂಡು ಬರುತ್ತದೆ, ಆದರೆ ಅಡುಗೆಮನೆಯಲ್ಲಿ ಮೈಕ್ರೋವೇವ್ ಹಾಕಿದರೆ ಮೀಟಿಂಗಲ್ಲಿ ನನ್ನ ಮುಖ ಫೋಟೋ ಆಗಿಬಿಡುತ್ತದೆ. ಮೈಕ್ರೋವೇವ್, 2.4 ವೈಫೈ ಎರಡೂ ಹೆಚ್ಚುಕಮ್ಮಿ ಒಂದೇ ಫ್ರೀಕ್ವೆನ್ಸಿ, ಅದಕ್ಕೇ.

ರಿಪೀಟರ್ ಹಾಕಿದ ಮೇಲೆ ಪೂರ್ತಿ ಕಡ್ಡಿ ಬಂತು, ಸ್ಪೀಡ್ ಬರಲಿಲ್ಲ. ಅಗ್ಗದ ರಿಪೀಟರ್‌ಗೆ ಇರುವುದು ಒಂದೇ ರೇಡಿಯೊ. ರೂಟರ್ ಹೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ಮತ್ತೆ ನನಗೆ ಹೇಳಬೇಕು, ಅರ್ಧ ಸ್ಪೀಡು ಅಲ್ಲೇ ಖಾಲಿ. ಕಸ್ಟಮರ್ ಕೇರ್‌ಗೆ ಬೈಯುವ ಮೊದಲು 192.168.1.1ಕ್ಕೆ, ಅಂದರೆ ನಮ್ಮನೆ ರೂಟರಿಗೇ, ಪಿಂಗ್ ಹೊಡೆದೆ: ಚಿಕ್ಕ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವುದು. ಒಮ್ಮೆ 4 ಮಿಲಿಸೆಕೆಂಡ್, ಒಮ್ಮೆ 300! ತೊಂದರೆ ಹೊರಗಿನ ಲೈನಲ್ಲಿ ಅಲ್ಲ, ಮನೆಯೊಳಗೇ. ನೆಟ್‌ವರ್ಕಿಂಗ್ ಕಲಿಯುವವರು ಮೊದಲು ಇದೊಂದನ್ನು ಮಾಡಿ ನೋಡಿ.

ಆಮೇಲೆ 30 ಮೀಟರ್ ಕ್ಯಾಟ್ 6 ಅನ್ನುವ ಬಗೆಯ ನೆಟ್‌ವರ್ಕ್ ಕೇಬಲ್ ತಂದು ಮಾಡಿನ ಅಡಿಯಿಂದ ಎಳೆದೆ. 100 ಮೀಟರ್‌ವರೆಗೂ ತಲೆಬಿಸಿ ಇಲ್ಲ. ತುದಿಗೆ ಪ್ಲಗ್ ನಾನೇ ಕ್ರಿಂಪ್ ಮಾಡಿದೆ, ಅಂದರೆ ತಂತಿಗಳನ್ನು ಪ್ಲಗ್ಗಿಗೆ ತೂರಿಸಿ ಟೂಲಿನಿಂದ ಒತ್ತಿ ಕೂರಿಸಿದೆ, ಅಲ್ಲೇ ಎಡವಿದ್ದು.

ಪ್ಲಾನ್ 200 ಎಂಬಿಪಿಎಸ್, ಸ್ಪೀಡ್ ಟೆಸ್ಟ್ ಮಾತ್ರ 94ಕ್ಕೆ ಬಂದು ನಿಲ್ಲುತ್ತಿತ್ತು. ಎಷ್ಟು ಸಲ ಮಾಡಿದರೂ 94. ರೂಟರ್ ಆಫ್ ಮಾಡಿ ಆನ್ ಮಾಡಿದೆ, ಡ್ರೈವರ್ ಹೊಸದು ಹಾಕಿದೆ, ಲ್ಯಾಪ್‌ಟಾಪನ್ನೇ ಬೈದೆ, ಎರಡು ದಿನ ಹೋಯಿತು. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್, ಅಂದರೆ ಲ್ಯಾಪ್‌ಟಾಪಿಗೂ ರೂಟರಿಗೂ ನಡುವಿನ ಕೇಬಲ್ ಸ್ಪೀಡ್, ನೋಡಿದರೆ 1000 ಇರಬೇಕಾದಲ್ಲಿ 100 ಅಂತಿದೆ.

ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ (ಅದೇ 1000) ನಾಲ್ಕೂ ಬೇಕು. 100ಕ್ಕೆ ಬೇಡದ ಜೋಡಿಯಲ್ಲಿ ಒಂದು ತಂತಿ ಕೈಕೊಟ್ಟರೆ ಸಾಮಾನ್ಯವಾಗಿ ಲಿಂಕ್ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಪೂರ್ತಿ ಸತ್ತಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ? ಪ್ಲಗ್ಗನ್ನು ಟಾರ್ಚಿಗೆ ಹಿಡಿದೆ. ಎಂಟನೇ ಜಾಗದ ಕಂದು ತಂತಿ ಅಕ್ಕಿಕಾಳಿನಷ್ಟು ಗಿಡ್ಡ, ಪಿನ್ನಿಗೆ ತಾಗಿಯೇ ಇಲ್ಲ. ಕತ್ತರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಅಂತ ಮಗ್ಗಿ ಹೇಳಿದ ಹಾಗೆ ಹೇಳಿಕೊಂಡು ಮತ್ತೆ ಒತ್ತಿದೆ. 196 ಬಂತು. ಪಿಂಗ್ 1 ಮಿಲಿಸೆಕೆಂಡಿಗಿಂತ ಕಡಿಮೆ.

ಖರ್ಚು ಕ್ರಿಂಪಿಂಗ್ ಟೂಲ್ ಸೇರಿ ಸುಮಾರು 1,200. ದಿನಕ್ಕೆ ಒಂಬತ್ತು ಗಂಟೆ ಒಂದೇ ಮೇಜಿಗೆ ಅಂಟಿಕೊಳ್ಳುವ ನನಗೆ ಇದೇ ಸರಿ. ಬಾಡಿಗೆ ಮನೆಯಾಗಿ, ಗೋಡೆ ಕೊರೆಯೋಕೆ ಓನರ್ ಬಿಡದಿದ್ದರೆ ವೈಫೈಯೇ ಗತಿ. ಫೋನಿಗಂತೂ ಅದೇ.

ವೈರಿನ ಕಾಟ ಎರಡು. ಗುಡುಗು ಶುರುವಾಗುವ ಮೊದಲೇ ಎರಡೂ ತುದಿ ಕಿತ್ತಿಡಬೇಕು. ಇನ್ನೊಂದು, ಹಿಂದಿನ ಜಗಲಿಯಲ್ಲಿ ಸ್ವಲ್ಪ ಜೋತುಬಿದ್ದಿರುವ ಕಡೆ ಅಮ್ಮ ಟವೆಲ್ ಒಣಹಾಕುತ್ತಾರೆ.