ಕಲಬುರಗಿಯ ಹಳೆ ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ 22: ಬಳಸಬಹುದೇ?

ಸೂಪರ್ ಮಾರ್ಕೆಟ್ ಸುತ್ತಲಿನ ಝೆರಾಕ್ಸ್ ಅಂಗಡಿಗಳಲ್ಲಿ, ಬೇಳೆ ಮಿಲ್ಲುಗಳ ಲೆಕ್ಕದ ಕೋಣೆಗಳಲ್ಲಿ ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಯಂತ್ರಗಳು ಇನ್ನೂ ದುಡಿಯುತ್ತಿವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಾಗಂತ ಇವನ್ನು ಗುಜರಿಗೆ ಹಾಕಬೇಕಿಲ್ಲ. ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22; ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇವುಗಳ ಮೇಲೆ ಭಾಳ ಚೆನ್ನಾಗಿ ಓಡುತ್ತದೆ, 2029ರ ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಪ್ರಿಂಟರಿನಲ್ಲಿ ಹೋಗುತ್ತದೆ.

2 ಜಿಬಿ ರ್‍ಯಾಮ್ ಸಾಕು ಎಂದು ಮಿಂಟ್ ಹೇಳುತ್ತದೆ, 4 ಜಿಬಿ ಇದ್ದರೆ ಆರಾಮ ಎನ್ನುತ್ತದೆ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಿಡುವ ಅಂಗಡಿಗೆ 8 ಜಿಬಿ ಹಾಕಿಸಿ. ಅದಕ್ಕಿಂತ ಮೊದಲು ತಿರುಗುವ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯ ಸಾಟಾ ಎಸ್‌ಎಸ್‌ಡಿ ಕೂರಿಸಿ. ವೇಗದಲ್ಲಿ ಕಾಣುವ ದೊಡ್ಡ ವ್ಯತ್ಯಾಸ ಅದರಿಂದಲೇ ಬರುತ್ತದೆ.

ಲಿನಕ್ಸ್ ಹಾಕಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಯಂತ್ರದ ದೂರುಗಳೇ. ರಾತ್ರಿಯೆಲ್ಲ ಸ್ವಿಚ್ ಆರಿಸಿಟ್ಟು ಬೆಳಿಗ್ಗೆ ಒತ್ತಿದರೆ ಬೂಟ್ ಡಿವೈಸ್ ಇಲ್ಲ ಎನ್ನುತ್ತದೆ, ಇಲ್ಲವೇ ಎಫ್1 ಒತ್ತು ಎಂದು ನಿಲ್ಲುತ್ತದೆ. ಮಿಂಟ್ ಅಳಿಸಿಹೋಗಿರುವುದಿಲ್ಲ, ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿರುತ್ತದೆ. ಅದು ಸತ್ತರೆ ಯಂತ್ರವನ್ನು ಶುರುಮಾಡುವ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ, ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕೆಂಬ ಬೂಟ್ ಕ್ರಮವೂ ಲೆಗಸಿ–ಯುಇಎಫ್‌ಐ (ಹಳೆ–ಹೊಸ ಬೂಟ್ ವಿಧಾನ) ಆಯ್ಕೆಯೂ ಬದಲಾಗಬಹುದು. ಹೊಸ ಸೆಲ್ 3 ವೋಲ್ಟ್ ತೋರಿಸಬೇಕು. ಸೆಲ್ ಬದಲಿಸಿ, ದಿನಾಂಕ ತುಂಬಿ, ಬೂಟ್ ಕ್ರಮ ಸರಿಪಡಿಸಿದರೆ ಕೆಲಸ ಮುಗಿಯಿತು. ಇನ್‌ಸ್ಟಾಲ್ ಮಾಡದೆಯೇ ಮಿಂಟ್ ಓಡಿಸುವ ಲೈವ್ ಪೆನ್‌ಡ್ರೈವಿನಿಂದ ಶುರುಮಾಡಿದಾಗ ಎಲ್ಲ ವೆಬ್‌ಸೈಟೂ ಪ್ರಮಾಣಪತ್ರದ ದೋಷ ತೋರಿಸಿದರೆ ಮೊದಲು ಗಡಿಯಾರದ ವರ್ಷ ನೋಡಿ.

ಎರಡನೆಯದು ಬಿಸಿಲು ಮತ್ತು ದೂಳು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಮಿಲ್ಲಿನ ಸಣ್ಣ ದೂಳು ಪ್ರೊಸೆಸರನ್ನು ತಂಪಾಗಿಡುವ ಹೀಟ್‌ಸಿಂಕಿನ ಸಂದುಗಳಲ್ಲಿ ಹೊದಿಕೆಯಂತೆ ಕೂರುತ್ತದೆ. ಯಂತ್ರ ಮಧ್ಯಾಹ್ನ ಮಾತ್ರ ನಿಧಾನವಾದರೆ, ತಾನೇ ಆರಿದರೆ, ಬಿಸಿ ಅಳೆಯುವ ಎಲ್‌ಎಂ-ಸೆನ್ಸರ್ಸ್ (lm-sensors) ಹಾಕಿಕೊಂಡು ಟರ್ಮಿನಲ್‌ನಲ್ಲಿ ‘ಸೆನ್ಸರ್ಸ್’ (sensors) ಎಂದು ಕೊಟ್ಟು ನೋಡಿ. ಕೆಲಸದಲ್ಲಿ 90 ಡಿಗ್ರಿ ಮುಟ್ಟುತ್ತಿದ್ದರೆ ಫ್ಯಾನ್ ಬಿಚ್ಚಿ, ಬ್ರಶ್ಶಿನಿಂದ ದೂಳು ತೆಗೆದು, ಒಣಗಿದ ಪೇಸ್ಟ್ ಒರೆಸಿ, ಪ್ರೊಸೆಸರ್ ಮೇಲೆ ಹೊಸ ಥರ್ಮಲ್ ಪೇಸ್ಟ್ ತೊಗರಿ ಕಾಳಿನಷ್ಟು ಇಡಿ. ಹೆಚ್ಚು ಇಟ್ಟರೆ ಹೆಚ್ಚು ತಂಪಾಗುವುದಿಲ್ಲ, ಬದಿಗೆ ಸೋರುತ್ತದೆ ಅಷ್ಟೆ.

ಕರೆಂಟು ಹಠಾತ್ತನೆ ಹೋಗಿ ಬಂದಾಗ ಕಪ್ಪು ತೆರೆಯ ಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ (initramfs) ಎಂಬ ಪದ ಬಂದು ನಿಂತರೆ ಗಾಬರಿ ಬೇಡ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಬರೆಯುತ್ತಿದ್ದ ಕಡತದ ಲೆಕ್ಕ ಅರ್ಧಕ್ಕೆ ನಿಂತಿದೆ ಎಂದರ್ಥ. ಡಿಸ್ಕಿನ ಯಾವ ವಿಭಾಗಕ್ಕೆ (ಪಾರ್ಟಿಷನ್) ದುರಸ್ತಿ ಬೇಕೆಂದು ಆ ತೆರೆಯಲ್ಲೇ ಬರೆದಿರುತ್ತದೆ. ದುರಸ್ತಿ ಮಾಡುವ ಎಫ್‌ಎಸ್‌ಸಿಕೆ (fsck) ಆಜ್ಞೆಗೆ ‘-ವೈ’ (-y) ಸೇರಿಸಿ, ಆ ವಿಭಾಗದ ಹೆಸರು ಕೊಟ್ಟು, ಮುಗಿದ ಮೇಲೆ ರೀಬೂಟ್ ಮಾಡಿ. ಇದು ಮತ್ತೆ ಮತ್ತೆ ಬಂದರೆ ‘ಡಿಸ್ಕ್ಸ್’ ತೆರೆದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ (SMART) ಮಾಹಿತಿ ಓದಿ. ಅದರಲ್ಲಿ 5 ಮತ್ತು 197 ಎಂಬ ಗುರುತಿನ ಸಾಲುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ, ಅಂದೇ ಬ್ಯಾಕಪ್ ತೆಗೆಯಿರಿ. 199 ಮಾತ್ರ ಏರುತ್ತಿದ್ದರೆ ಡಿಸ್ಕಿನ ತಪ್ಪಲ್ಲದಿರಬಹುದು, ಮೊದಲು ಸಾಟಾ ಕೇಬಲ್ ಬದಲಿಸಿ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಡಿಸ್ಕ್ ಎಸೆಯಬಾರದು.

ವೈಫೈ ಡಾಂಗಲ್ ಕಾಣದಿದ್ದರೆ ಫೋನಿಗೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಆ ನೆಟ್‌ನಲ್ಲೇ ಡ್ರೈವರ್ ಮ್ಯಾನೇಜರ್ ತೆರೆದು ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ, ಮರುಚಾಲನೆಯಲ್ಲಿ ಬರುವ ನೀಲಿ ತೆರೆಯಲ್ಲಿ ‘ಎನ್‌ರೋಲ್ ಮಾಕ್’ (Enroll MOK) ಆರಿಸಿ, ಡ್ರೈವರ್ ಹಾಕುವಾಗ ನೀವು ಕೊಟ್ಟಿದ್ದ ಪಾಸ್‌ವರ್ಡ್ ತುಂಬಬೇಕು. ಆ ತೆರೆ ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದಂತೆ. ಧ್ವನಿ ಬರದಿದ್ದರೆ ಅದು ಎಚ್‌ಡಿಎಂಐ ಮೂಲಕ ಮಾನಿಟರಿಗೆ ಹೋಗುತ್ತಿರಬಹುದು, ಔಟ್‌ಪುಟ್ ಬದಲಿಸಿ.

ಇನ್ನು ಪ್ರಿಂಟರ್. ಎಚ್‌ಪಿ ಲೇಸರ್‌ಜೆಟ್ 1020 ತನ್ನನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಕಳಿಸಬೇಕು. ಹೀಗಾಗಿ ಹೆಸರು ಪಟ್ಟಿಯಲ್ಲಿ ಕಂಡರೂ ಕಾಗದ ಹೊರಬರುವುದಿಲ್ಲ. ಎಚ್‌ಪಿ ಪ್ರಿಂಟರುಗಳ ತಂತ್ರಾಂಶ ಎಚ್‌ಪಿಲಿಪ್ (HPLIP) ಹಾಕಿ, ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’ (hp-plugin) ಓಡಿಸಿ. ಪ್ಲಗಿನ್ ಮತ್ತು ಎಚ್‌ಪಿಲಿಪ್ ಆವೃತ್ತಿ ಒಂದೇ ಇರಬೇಕು. ಅಪ್‌ಡೇಟ್ ಆದ ಮೇಲೆ ಪ್ರಿಂಟ್ ನಿಂತರೆ ಪ್ಲಗಿನ್ ಮತ್ತೊಮ್ಮೆ ಹಾಕಿ. ಕ್ಯಾನನ್ ಎಲ್‌ಬಿಪಿ 2900 ಇರುವವರು ಮಾತ್ರ ದುಡುಕಬೇಡಿ. ಅದು ಕ್ಯಾಪ್ಟ್ ಎಂಬ ಬೇರೆಯೇ ಭಾಷೆ ಬಳಸುತ್ತದೆ, ಹೊಸ ಲಿನಕ್ಸ್‌ನಲ್ಲಿ ಅದನ್ನು ಸರಿಮಾಡುವುದು ನಿಜಕ್ಕೂ ತ್ರಾಸು. ದಿನಕ್ಕೆ ನೂರಾರು ಪ್ರತಿ ತೆಗೆಯುವ ಅಂಗಡಿ ಲೈವ್ ಪೆನ್‌ಡ್ರೈವಿನಲ್ಲಿ ಪ್ರಿಂಟ್ ತೆಗೆದು ನೋಡಿಯೇ ಇನ್‌ಸ್ಟಾಲ್ ಒತ್ತಬೇಕು.

ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ (ibus-m17n) ಎಂಬ ತಂತ್ರಾಂಶ ಹಾಕಿ, ನುಡಿಯ ಕೀಲಿಮಣೆಯಾದ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಗೆ ಪಳಗಿದ ಬೆರಳು ಹೊಸದಾಗಿ ಕಲಿಯಬೇಕಾಗಿಲ್ಲ, ಅಕ್ಷರವೂ ಯೂನಿಕೋಡ್‌ನಲ್ಲೇ ಮೂಡುತ್ತದೆ. ಆದರೆ ಹಳೆಯ ನುಡಿ ಫಾಂಟಿನ ಅರ್ಜಿ, ಕರಾರುಪತ್ರಗಳನ್ನು ತೆರೆದರೆ ಗೀಚಿದಂತೆ ಕಾಣುತ್ತವೆ. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ ಸರಿ ಬಂದಿವೆಯೇ ಎಂದು ಒಂದೊಂದೇ ಪುಟ ನೋಡಿ, ಆಮೇಲೆ ಡಿಸ್ಕ್ ಮುಟ್ಟಿ.