ಅಪೊಫಿಸಿಸ್ 7ಎಕ್ಸ್: ರಾಂಡಮ್ ಬ್ಯಾಚ್ ಬಿಡಿ, ಎಡಿಟರ್ ತೆಗೀರಿ

ಫ್ರ್ಯಾಕ್ಟಲ್ ಆರ್ಟ್ (ಒಂದೇ ಆಕಾರ ಚಿಕ್ಕದಾಗ್ತಾ ಮತ್ತೆ ಮತ್ತೆ ಬರೋ, ಲೆಕ್ಕದಿಂದ ಹುಟ್ಟೋ ಚಿತ್ರಗಳು) ಶುರು ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ ಅಂತ ಯಾರು ಕೇಳಿದ್ರೂ ನನ್ನ ಉತ್ತರ ಇವತ್ತಿಗೂ ಅಪೊಫಿಸಿಸ್ಸೇ. ಹಾಗಂತ ಇದು ಹೊಸದಲ್ಲ, ನೋಡೋಕೂ ಅಷ್ಟಕ್ಕಷ್ಟೇ. ಹಳೇ ವಿಂಡೋಸ್ ಕಾಲದ ಬೂದು ಡಬ್ಬಗಳು, ಇಷ್ಟಿಷ್ಟೇ ಐಕಾನ್‌ಗಳು, ಯಾವುದು ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಒಂದೊಂದರ ಮೇಲೂ ಮೌಸ್ ಇಟ್ಟು ನೋಡ್ಬೇಕು. ಆದ್ರೆ ದುಡ್ಡು ಕೊಡೋ ಹಾಗಿಲ್ಲ, ಓಪನ್ ಸೋರ್ಸ್, ಹಳೇ ಕಂಪ್ಯೂಟರಲ್ಲೂ ಓಡತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರ ಹೇಗೆ ಹುಟ್ಟತ್ತೆ ಅನ್ನೋದನ್ನ ಇದು ಮುಚ್ಚಿಡಲ್ಲ, ಬಿಚ್ಚಿ ತೋರಿಸತ್ತೆ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಫ್ರ್ಯಾಕ್ಟಲ್ ಅಂದ ತಕ್ಷಣ ನಿಮ್ಮ ತಲೇಲಿ ಬರೋದು ಮ್ಯಾಂಡಲ್‌ಬ್ರಾಟ್ ಸೆಟ್ (ಎಷ್ಟು ಒಳಗೆ ಹೋದ್ರೂ ವಿವರ ಮುಗಿಯದ ಪ್ರಸಿದ್ಧ ಫ್ರ್ಯಾಕ್ಟಲ್) ಒಳಗೆ ಝೂಮ್ ಮಾಡ್ತಾ ಹೋಗೋದಾದ್ರೆ ಇದು ಆ ಸಾಫ್ಟ್‌ವೇರ್ ಅಲ್ಲ, ಅದಕ್ಕೆ ಝಾವೋಸ್ (XaoS) ಹಾಕ್ಕೊಳ್ಳಿ, ಅದೂ ಫ್ರೀ, ಮೌಸ್ ಒತ್ತಿ ಹಿಡಿದ್ರೆ ಸಾಕು ಒಳಗೊಳಗೇ ಹೋಗ್ತಾ ಇರತ್ತೆ. ಅಪೊಫಿಸಿಸ್ ಮಾಡೋದು ಫ್ರ್ಯಾಕ್ಟಲ್ ಫ್ಲೇಮ್, ಸ್ಕಾಟ್ ಡ್ರೇವ್ಸ್ 1992ರಲ್ಲಿ ಕಂಡುಹಿಡಿದ ಅಲ್ಗಾರಿದಮ್. ಒಂದು ಚುಕ್ಕಿ ತಗೊಳ್ಳತ್ತೆ, ನೀವು ಕೊಟ್ಟ ಕೆಲವು ಟ್ರಾನ್ಸ್‌ಫಾರ್ಮ್‌ಗಳಲ್ಲಿ (ಚುಕ್ಕಿ ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಲೆಕ್ಕಗಳಲ್ಲಿ) ಯಾವುದೋ ಒಂದನ್ನ ಚೀಟಿ ಎತ್ತಿದ ಹಾಗೆ ಆರಿಸಿ ಚುಕ್ಕೀನ ಆ ಲೆಕ್ಕದ ಪ್ರಕಾರ ಬೇರೆ ಕಡೆ ಎಸೆಯತ್ತೆ, ಅಲ್ಲಿಂದ ಮತ್ತೆ ಆರಿಸತ್ತೆ, ಮತ್ತೆ ಎಸೆಯತ್ತೆ, ಹೀಗೆ ಕೋಟಿಗಟ್ಟಲೆ ಸಲ. ಯಾವ ಪಿಕ್ಸೆಲ್ ಮೇಲೆ ಎಷ್ಟು ಸಲ ಬಿತ್ತು ಅಂತ ಎಣಿಸಿ, ಆ ಎಣಿಕೆಯ ಲಾಗರಿದಮ್ (ದೊಡ್ಡ ಸಂಖ್ಯೆಗಳನ್ನ ಒತ್ತಿ ಚಿಕ್ಕವುಗಳ ಹತ್ತಿರ ತರೋ ಲೆಕ್ಕ) ತಗೊಂಡು ಬೆಳಕು ಮಾಡತ್ತೆ. ಆ ಲಾಗರಿದಮ್ ಇಲ್ದೇ ಹೋದ್ರೆ ನಾಲ್ಕು ಕಡೆ ಕಣ್ಣು ಕುಕ್ಕೋ ಬಿಳಿ, ಉಳಿದದ್ದೆಲ್ಲಾ ಕಪ್ಪು ಅಷ್ಟೇ. ಹೊಗೆ ಥರ, ರೇಷ್ಮೆ ಎಳೆ ಥರ ಕಾಣೋ ತೆಳು ಭಾಗಗಳೆಲ್ಲಾ ಬರೋದು ಅಲ್ಲಿಂದ್ಲೇ.

ಈಗ ಮೊದಲ ಆಕರ್ಷಣೆ ಬಗ್ಗೆ. ಸಾಫ್ಟ್‌ವೇರ್ ತೆರೆದ ಕೂಡ್ಲೇ ಎಡಗಡೆ ಒಂದು ಲಿಸ್ಟ್ ತುಂಬಾ ರಾಂಡಮ್ ಫ್ಲೇಮ್‌ಗಳು ರೆಡಿ ಇರತ್ತೆ, ಒಂದೊಂದೇ ಕ್ಲಿಕ್ ಮಾಡ್ತಾ ಹೋದ್ರೆ ಅಬ್ಬಾ ಅನ್ಸತ್ತೆ, ಒಂದೂ ನಂಬರ್ ಮುಟ್ಟದೇ ಚಂದದ ಚಿತ್ರ ಬಂತಲ್ಲಾ ಅಂತ ಖುಷಿ. ಇಲ್ಲೇ ಬಹಳ ಜನ ನಿಂತ್ಬಿಡ್ತಾರೆ. ರಾಂಡಮ್‌ನಿಂದ ಬಂದದ್ದಕ್ಕೆ ಬಣ್ಣ ಬದಲಾಯಿಸಿ, ಸ್ವಲ್ಪ ತಿರುಗಿಸಿ, ದೊಡ್ಡ ಹೆಸರಿಟ್ಟು ಹಾಕ್ಬಿಡ್ತಾರೆ, ಅದಕ್ಕೇ ಎಷ್ಟೋ ಫ್ಲೇಮ್‌ಗಳು ಒಂದೇ ತಾಯಿ ಮಕ್ಕಳ ಥರ ಕಾಣೋದು. ತಪ್ಪೇನಿಲ್ಲ ಬಿಡಿ, ಆದ್ರೆ ಅಷ್ಟಕ್ಕೇ ಆದ್ರೆ ಒಂದು ವಾರದಲ್ಲಿ ಬೋರ್ ಆಗತ್ತೆ.

ಮಜಾ ಇರೋದು ಎಡಿಟರ್‌ನಲ್ಲಿ. ಅಲ್ಲಿ ಪ್ರತಿ ಟ್ರಾನ್ಸ್‌ಫಾರ್ಮೂ ಒಂದು ತ್ರಿಕೋನ. ಎಳೀರಿ, ತಿರುಗಿಸಿ, ಕುಗ್ಗಿಸಿ, ಪಕ್ಕದ ಪ್ರಿವ್ಯೂನಲ್ಲಿ ಆಗಿಂದಾಗ್ಗೆ ಚಿತ್ರ ಬದಲಾಗತ್ತೆ. ಹೊಸಬರು ಖಾಲಿ ಫ್ಲೇಮ್ ತಗೊಂಡು ಮೂರು ತ್ರಿಕೋನ ಹಾಕಿ, ಮೂರನ್ನೂ ಅರ್ಧ ಸೈಜಿಗೆ ಇಳಿಸಿ, ಎಡಿಟರ್‌ನಲ್ಲಿ ಮೊದಲೇ ಇರೋ ಮೂಲ ತ್ರಿಕೋನದ ಮೂರು ಮೂಲೆಗೆ ಒಂದೊಂದು ಕೂರಿಸಿ ನೋಡಿ, ವೇರಿಯೇಷನ್ (ಚುಕ್ಕಿಯ ದಾರೀನ ಬಗ್ಗಿಸೋ, ತಿರುಚೋ ಸೂತ್ರ) ಮಾತ್ರ ಲೀನಿಯರ್, ಅಂದ್ರೆ ಏನೂ ಬಗ್ಗಿಸದೇ ಇರೋದು, ಇರ್ಲಿ. ತ್ರಿಕೋನದೊಳಗೆ ತ್ರಿಕೋನ ತೂತಾಗ್ತಾ ಹೋಗೋ ಸಿಯರ್‌ಪಿನ್ಸ್ಕಿ ತ್ರಿಕೋನ ಬಂದು ಕೂತಿರತ್ತೆ! ಈಗ ಅದರಲ್ಲಿ ಒಂದೇ ಒಂದು ತ್ರಿಕೋನದ ಲೀನಿಯರ್ ಸೊನ್ನೆ ಮಾಡಿ ಸ್ಫೆರಿಕಲ್‌ಗೆ 1 ಕೊಡಿ, ನೆಟ್ಟಗಿದ್ದ ಗೆರೆಗಳೆಲ್ಲಾ ಬಾಗಿ ವೃತ್ತಗಳಾಗತ್ತೆ, ಆಗ ಗೊತ್ತಾಗತ್ತೆ ಯಾವ ತ್ರಿಕೋನ ಏನು ಕೆಲಸ ಮಾಡ್ತಿದೆ ಅಂತ. ಜೂಲಿಯಾಎನ್ ಅನ್ನೋ ವೇರಿಯೇಷನ್ ಹಾಕಿ ಅದರ ಪವರ್ 5 ಮಾಡಿದ್ರೆ ಐದು ದಳದ ಸಿಮೆಟ್ರಿ, 7 ಮಾಡಿದ್ರೆ ಏಳು. ವೆಯ್ಟ್ ಅನ್ನೋದು ಆ ಟ್ರಾನ್ಸ್‌ಫಾರ್ಮ್ ಎಷ್ಟು ಸಲ ಆಯ್ಕೆ ಆಗ್ಬೇಕು ಅನ್ನೋ ಪಾಲು. ಗಣಿತಜ್ಞ ಬಾರ್ನ್ಸ್ಲಿಯ ಪ್ರಸಿದ್ಧ ಜರೀಗಿಡದ ಚಿತ್ರದಲ್ಲಿ ನಾಲ್ಕೇ ಟ್ರಾನ್ಸ್‌ಫಾರ್ಮ್ ಇರೋದು, ಶೇಕಡಾ 85 ಪಾಲು ಒಂದಕ್ಕೇ ಹೋಗತ್ತೆ, ಕಾಂಡಕ್ಕೆ ಬರೀ 1. ಇದನ್ನೂ ತ್ರಿಕೋನದಲ್ಲೇ ಕಟ್ಟಬಹುದು, ಸಂಜೆ ಹೋಗೋದೇ ಗೊತ್ತಾಗಲ್ಲ.

ಬಣ್ಣದ ವಿಷಯ ಮಾತ್ರ ಶುರುವಲ್ಲಿ ಎಲ್ಲರಿಗೂ ತಲೆ ಕೆಡಿಸತ್ತೆ. ಗ್ರೇಡಿಯಂಟ್ (ಚಿತ್ರ ಬಳಸೋ ಬಣ್ಣಗಳ ಪಟ್ಟಿ) ಬದಲಾಯಿಸಿದ್ರೂ ನಮಗೆ ಬೇಕಾದ ಜಾಗಕ್ಕೆ ಬೇಕಾದ ಬಣ್ಣ ಬರಲ್ಲ ಅಂತ ಗೊಣಗೋರು ಬಹಳ. ಯಾಕಂದ್ರೆ ಇಲ್ಲಿ ಬಣ್ಣ ಜಾಗಕ್ಕೆ ಅಂಟಿಕೊಂಡಿರಲ್ಲ, ಚುಕ್ಕಿ ಯಾವ ಯಾವ ಟ್ರಾನ್ಸ್‌ಫಾರ್ಮ್ ದಾಟಿ ಬಂತು ಅನ್ನೋದಕ್ಕೆ ಅಂಟಿಕೊಂಡಿರತ್ತೆ. ಪ್ರತಿ ಟ್ರಾನ್ಸ್‌ಫಾರ್ಮ್‌ಗೂ 0 ಇಂದ 1ರ ಮಧ್ಯೆ ಒಂದು ಕಲರ್ ನಂಬರ್ ಇದೆ, ಚುಕ್ಕಿ ಅದನ್ನ ದಾಟಿದಾಗೆಲ್ಲಾ ತನ್ನ ಬಣ್ಣಾನ ಅದರ ಕಡೆಗೆ ಸ್ವಲ್ಪ ಸ್ವಲ್ಪ ಸರಿಸಿಕೊಳ್ಳತ್ತೆ, ಎಷ್ಟು ಸರೀಬೇಕು ಅನ್ನೋದು ಕಲರ್ ಸ್ಪೀಡ್. ಹಾಗಾಗಿ ಮೊದಲು ಎಡಿಟರ್‌ನ ಕಲರ್ಸ್ ಟ್ಯಾಬಲ್ಲಿ ಟ್ರಾನ್ಸ್‌ಫಾರ್ಮ್‌ಗಳ ನಂಬರ್‌ಗಳನ್ನ ದೂರ ದೂರ ಇಡಿ, ಆಮೇಲೆ ಗ್ರೇಡಿಯಂಟ್ ಕೈಗೆ ತಗೊಳ್ಳಿ. ಕಾಮನಬಿಲ್ಲಿನ ಎಲ್ಲಾ ಬಣ್ಣ ಒಂದೇ ಚಿತ್ರಕ್ಕೆ ಸುರಿಯೋ ಚಪಲ ಬಿಟ್ರೆ ಅರ್ಧ ಗೆದ್ದ ಹಾಗೆ, ಎರಡು ಬಣ್ಣ, ಒಂದು ಕತ್ತಲೆ, ಸಾಕು ಅಂತ ನನ್ನ ಅಭಿಪ್ರಾಯ.

ರೆಂಡರ್‌ಗೆ (ಕೊನೆಯ ಚಿತ್ರಾನ ಪೂರಾ ಲೆಕ್ಕ ಹಾಕಿ ತೆಗೆಯೋದಕ್ಕೆ) ಬಂದ್ರೆ ತಾಳ್ಮೆ ಬೇಕು, ಎಲ್ಲಾ ಸಿಪಿಯು ಮೇಲೇ ನಡೆಯೋದು. ಪ್ರಿವ್ಯೂನಲ್ಲಿ ಮರಳು ಚೆಲ್ಲಿದ ಹಾಗೆ ಕಂಡ್ರೆ ಗಾಬರಿ ಆಗ್ಬೇಡಿ, ಸ್ಯಾಂಪಲ್ (ಎಸೆದ ಚುಕ್ಕಿಗಳು) ಕಮ್ಮಿ ಅಷ್ಟೇ. ರೆಂಡರ್ ಡಬ್ಬದಲ್ಲಿ ಕ್ವಾಲಿಟಿ ಜಾಸ್ತಿ ಮಾಡಿ. ಆದ್ರೆ ಲೆಕ್ಕ ಗೊತ್ತಿರ್ಲಿ, ಕ್ವಾಲಿಟಿ ನಾಲ್ಕು ಪಟ್ಟು ಮಾಡಿದ್ರೆ ಆ ಮರಳು ಅರ್ಧಕ್ಕೆ ಇಳಿಯತ್ತೆ ಅಷ್ಟೇ, ಟೈಮ್ ಮಾತ್ರ ಪೂರಾ ನಾಲ್ಕು ಪಟ್ಟು ತಿನ್ನತ್ತೆ. ಓವರ್‌ಸ್ಯಾಂಪಲ್ (ದೊಡ್ಡದಾಗಿ ಲೆಕ್ಕ ಹಾಕಿ ಆಮೇಲೆ ಕುಗ್ಗಿಸೋದು) 2 ಕೊಟ್ರೆ ಮೆಮೊರಿನೂ ನಾಲ್ಕು ಪಟ್ಟು ಬೇಕು, ಎರಡೂ ದಿಕ್ಕಲ್ಲಿ ಪಿಕ್ಸೆಲ್ ದುಪ್ಪಟ್ಟಾಗತ್ತಲ್ಲ. ಪೋಸ್ಟರ್ ಸೈಜಿನ ಪ್ರಿಂಟ್ ಬೇಕಂದ್ರೆ ರಾತ್ರಿ ಹಾಕಿ ಮಲಗಿ. ಫಿಲ್ಟರ್ ರೇಡಿಯಸ್ (ಅಕ್ಕಪಕ್ಕದ ಪಿಕ್ಸೆಲ್‌ಗಳನ್ನ ಬೆರೆಸೋ ಅಳತೆ) ಜಾಸ್ತಿ ಮಾಡಿ ಮರಳು ಮುಚ್ಚೋಕೆ ಹೋಗ್ಬೇಡಿ, ಎಳೆಗಳೆಲ್ಲಾ ಮಂಜಾಗಿ ಚಿತ್ರ ಫೋಕಸ್ ತಪ್ಪಿದ ಫೋಟೋ ಆಗತ್ತೆ.

ಬೇಸರದ ಸಂಗತಿ ಅಂದ್ರೆ ಇದು ವಿಂಡೋಸ್‌ಗೆ ಮಾತ್ರ. ಮ್ಯಾಕ್, ಲಿನಕ್ಸ್‌ನವರಿಗೆ ಜೆವೈಲ್ಡ್‌ಫೈರ್ ಇದೆ, ಜಾವಾದಲ್ಲಿ ಬರೆದದ್ದು, ಅದೂ ಫ್ರೀ, ವೇರಿಯೇಷನ್‌ಗಳಂತೂ ರಾಶಿ ರಾಶಿ. ಕಲಿತವರಿಗೆ ಅದು ಹಬ್ಬ, ಮೊದಲ ಸಲ ತೆರೆದವರಿಗೆ ಬಟನ್‌ಗಳ ಕಾಡು, ಅದಕ್ಕೇ ಇಲ್ಲಿ ಕಲಿತು ಅಲ್ಲಿಗೆ ಹೋಗಿ ಅಂತೀನಿ. ಕಲಿತದ್ದೇನೂ ವೇಸ್ಟ್ ಆಗಲ್ಲ, ತ್ರಿಕೋನ ಅಲ್ಲೂ ತ್ರಿಕೋನವೇ.

ಹಂಚಿಕೊಳ್ಳೋ ವಿಷಯದಲ್ಲಿ ಇದನ್ನ ಮೀರಿಸಿದ್ದು ನನಗೆ ಸಿಕ್ಕಿಲ್ಲ. ಚಿತ್ರಾನ ಪಿಎನ್‌ಜಿಯಲ್ಲೇ ಸೇವ್ ಮಾಡಿ, ಜೆಪೆಗ್ ಜಾಸ್ತಿ ಒತ್ತಿದ್ರೆ ಕಪ್ಪು ಹಿನ್ನೆಲೆ ಮೇಲಿನ ತೆಳು ಎಳೆಗಳ ಸುತ್ತ ಚೌಕ ಚೌಕ ಕಲೆ ಏಳತ್ತೆ. ಆದ್ರೆ ಚಿತ್ರಕ್ಕಿಂತ ದೊಡ್ಡದು ಪ್ಯಾರಾಮೀಟರ್. ಇಡೀ ಫ್ಲೇಮ್ ಅಂದ್ರೆ ಒಂದು ಪುಟ್ಟ ಎಕ್ಸ್‌ಎಂಎಲ್ ಟೆಕ್ಸ್ಟ್, ಕಾಪಿ ಮಾಡಿ ಮೆಸೇಜಲ್ಲಿ ಹಾಕಿದ್ರೆ ಆ ಕಡೆಯವರು ತಮ್ಮ ಅಪೊಫಿಸಿಸ್‌ನಲ್ಲಿ ಪೇಸ್ಟ್ ಮಾಡಿದ ಕೂಡ್ಲೇ ನಿಮ್ಮ ತ್ರಿಕೋನಗಳೆಲ್ಲಾ ಅವರ ಎಡಿಟರ್‌ನಲ್ಲಿ ಬಂದು ನಿಲ್ಲತ್ತೆ, ಅವರು ಬಿಚ್ಚಿ ನೋಡ್ಬಹುದು, ಒಂದು ತ್ರಿಕೋನ ಅತ್ತಿತ್ತ ಮಾಡಿ ವಾಪಸ್ ಕಳಿಸ್ಬಹುದು. ಬೇರೆಯವರ ಪ್ಯಾರಾಮೀಟರ್ ತಿದ್ದಿ ಮಾಡಿದ್ದಾದ್ರೆ ಮೂಲದವರ ಹೆಸರು ಹಾಕೋದು ಮರ್ಯಾದೆ, ಕೆಲವರು ಮಾರಾಟಕ್ಕೆ ಬಳಸ್ಬೇಡಿ ಅಂತ ಷರತ್ತು ಬರೆದಿರ್ತಾರೆ, ಅದನ್ನ ಓದ್ಕೊಳ್ಳಿ. ಇನ್ನೊಂದು, ನೀವು ಹೊರಗಿನ ಪ್ಲಗಿನ್ (ಹೆಚ್ಚಿನ ವೇರಿಯೇಷನ್ ಸೇರಿಸೋ ಫೈಲ್) ಬಳಸಿದ್ರೆ ಅದರ ಹೆಸರೂ ಜೊತೆಗೆ ಬರೀರಿ, 32 ಬಿಟ್ಟಾ 64 ಬಿಟ್ಟಾ ಅನ್ನೋದೂ ಸೇರಿಸಿ, ಒಂದರ ಪ್ಲಗಿನ್ ಇನ್ನೊಂದರಲ್ಲಿ ಲೋಡ್ ಆಗಲ್ಲ. ಪ್ಲಗಿನ್ ಇಲ್ದೇ ತೆರೆದವರಿಗೆ ಕಾಣೋದು ನಿಮ್ಮ ಚಿತ್ರ ಅಲ್ವೇ ಅಲ್ಲ, ಬೇರೇನೋ, ಪಾಪ ಅವರು ಅದನ್ನೇ ನೋಡಿ ಸೂಪರ್ ಅಂತ ಕಾಮೆಂಟ್ ಹಾಕಿರ್ತಾರೆ.